ಅರ್ಜಿಯ ಏಳನೆಯ ಕಲಂ

ಮಿಸ್ ಪ್ರಿಚರ್ಡ್, ನೆನಪಿದೆಯೇ ನಿಮಗೆ,
ಉದ್ಯೋಗ ಕಚೇರಿಯ ಮೂರನೇ ಮೇಜಿನ ಮುಂದೆ ಕೂತಿದ್ದ
ಐವತ್ತೇಳರ ಗೆಥಿನ್?
ಮೊಣಕೈವರೆಗೆ ಸುಟ್ಟ ಚುಕ್ಕೆಗಳ ತೋಳು,
ಪೆನ್ನು ಹಿಡಿಯಲು ಒಲ್ಲದ ಹೆಬ್ಬೆರಳು.

ಏಳನೆಯ ಕಲಂ ಖಾಲಿ ಬಿಟ್ಟಿದ್ದೆ.
'ಇತರ ಕೌಶಲಗಳು' ಎಂದಿತ್ತು.
'ಏನಾದರೂ ಬರೆಯಿರಿ' ಅಂದಿರಿ, ಮೆಲ್ಲಗೆ,
ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ.
ನನಗೋ ಕಿಟಕಿಯಾಚೆ,
ಹೊಗೆ ಸತ್ತ ಚಿಮಣಿಯ ಮೇಲೇ ಕಣ್ಣು.
ತುದಿಯಲ್ಲೊಂದು ಕಡಲಹಕ್ಕಿ ಕೂತಿತ್ತು.
ಮೂವತ್ತೆಂಟು ವರ್ಷದಲ್ಲಿ ಒಂದು ಹಕ್ಕಿಯೂ
ಅಲ್ಲಿ ಕೂತದ್ದು ಕಂಡವನಲ್ಲ ನಾನು.

ಏನು ಬರೆಯಲಿ?
ಊದುಕುಲುಮೆಯ ಬಾಯಿ ತೆರೆದರೆ
ಬಣ್ಣ ನೋಡಿಯೇ ಹೇಳುತ್ತಿದ್ದೆ:
ಹಸಿಯೋ, ಹದವೋ, ಇನ್ನೈದು ನಿಮಿಷ ಬೇಕೋ.
ಮೀಟರಿನ ಮುಳ್ಳು ಆಮೇಲೆ ಹೌದೆನ್ನುತ್ತಿತ್ತು.
ಇದನ್ನು ಯಾವ ಅಂಗಡಿಯವರು ಕೊಳ್ಳುತ್ತಾರೆ?

ಆಮೇಲಿನದು ನಿಮಗೆ ಗೊತ್ತಿಲ್ಲ.
ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದೆ, ಸೊಂಟ ಬೇಡವೆಂದಿತು.
ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತು ಹನ್ನೊಂದು ವಾರ
ಕಳ್ಳರಲ್ಲದವರನ್ನು ಕಳ್ಳರ ಹಾಗೆ ನೋಡಿದೆ.
'ಟೀಗಿಟ್ಟ ಒಲೆಯನ್ನೇ ದಿಟ್ಟಿಸ್ತೀಯಲ್ಲೋ' ಎಂದಳು ಮೆಲೆರಿ.
ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಕಂಡದ್ದೂ ಅವಳಿಗೇ:
ಗುಡ್ಡದ ಮೇಲಿನ ಚಿತಾಗಾರಕ್ಕೆ ಆಳು ಬೇಕು.
'ಹೆಣವಲ್ಲವೇ?' ಎಂದಳು, ಓದಿ ಮುಗಿಸಿ.
'ಬೆಂಕಿ' ಎಂದೆ.

ಇಲ್ಲಿನದು ಸಣ್ಣದು,
ಅಲ್ಲಿನದರ ಮುಂದೆ ಸಿಗರೇಟಿನ ತುದಿ.
ಗಾಜಿನ ಕಿಂಡಿಯಿಂದ ನೋಡುತ್ತೇನೆ.
ಮರ ಉರಿಯುವಾಗ ಕಿತ್ತಳೆ,
ಆಮೇಲೆ ಬಿಳಿ, ಕೊನೆಗೊಂದು ಬಣ್ಣ,
ಅದಕ್ಕೆ ನಮ್ಮ ಎರಡು ಭಾಷೆಯಲ್ಲೂ ಹೆಸರಿಲ್ಲ.
ಆಗ, ಸಾಕು ಎನ್ನುತ್ತೇನೆ.

ಒಳಗೆ ಕಳಿಸುವ ಮುನ್ನ ಚೀಟಿ ಓದಬೇಕು, ನಿಯಮ.
ಗಟ್ಟಿಯಾಗಿ ಓದಬೇಕೆಂಬ ನಿಯಮವಿಲ್ಲ; ಓದುತ್ತೇನೆ.
ಅಲ್ಲಿ ಟನ್ನುಗಟ್ಟಲೆ ಹರಿಸಿದೆನಲ್ಲ,
ಯಾವುದಕ್ಕೂ ಹೆಸರಿರಲಿಲ್ಲ.
ಯಾವ ಸೇತುವೆಯಾಯಿತೋ, ಯಾವ ಡಬ್ಬಿಯೋ,
ಯಾರ ಕಾರಿನ ಬಾಗಿಲೋ.

ಬೂದಿ ತಣಿದ ಮೇಲೆ ಅಯಸ್ಕಾಂತ ಆಡಿಸುತ್ತೇವೆ, ಮೊಳೆಗಳಿಗೆ.
ಕೀಲು, ಮಂಡಿಗಳನ್ನು ಕೈಯಿಂದಲೇ ಹೆಕ್ಕಬೇಕು.
ಮುದುಕಿಯರ ಸೊಂಟ ಎಷ್ಟು ಹೊಳೆಯುತ್ತದೆ ಗೊತ್ತೇ!

ಕಳೆದ ಗುರುವಾರ ಚೀಟಿಯಲ್ಲಿ
ಇದ್ವಾಲ್ ರೋಡರಿಕ್, ಎಂಬತ್ತೊಂದು.
ನನ್ನ ಮೊದಲ ಮೇಸ್ತ್ರಿ.
'ಮುಳ್ಳನ್ನಲ್ಲವೋ ಕತ್ತೆ, ಬೆಂಕಿಯನ್ನ ನೋಡು'
ಎಂದು ಬೈದು ಬೈದೇ ಕಣ್ಣು ಕೊಟ್ಟವನು.
ತೊಂಬತ್ತೊಂದರಲ್ಲಿ ಸಿಡಿದ ಚೂರೊಂದು
ಅವನ ಭುಜದೊಳಗೇ ಉಳಿದಿತ್ತು.
ಡಾಕ್ಟರು ಕೈ ಹಾಕಲಿಲ್ಲ.
ಭುಜ ಮುಟ್ಟಿಕೊಂಡು ಮಳೆ ಹೇಳುತ್ತಿದ್ದ;
ಹತ್ತಕ್ಕೆ ಏಳು ಸಲ ಸುಳ್ಳು.

ಆ ದಿನ ಬೇರೆಯವರಿಗೆ ಬಿಡಲಿಲ್ಲ.
ಕಿಂಡಿಯ ಮುಂದೆ ನಾನೇ ನಿಂತೆ. ಮುಳ್ಳು ನೋಡಲಿಲ್ಲ.
ಹೊರಗೆ ಕಾರಿನಲ್ಲಿ ಅವನ ಮಗಳು
ಅಳುತ್ತಲೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು.
ಅಯಸ್ಕಾಂತಕ್ಕೆ ಹದಿನಾರು ಮೊಳೆ ಬಂದವು,
ಹದಿನೇಳನೆಯದು ಮೊಳೆಯಲ್ಲ:
ಉಗುರಿನಷ್ಟು, ಕಪ್ಪು, ಮೂರು ಮೂಲೆ.
ನಮ್ಮದೇ ಕುಲುಮೆಯ ಕಬ್ಬಿಣ,
ಎರಡು ಬೆಂಕಿ ದಾಟಿ ನನ್ನ ಅಂಗೈಗೆ.
ನಿಯಮದಂತೆ ಡಬ್ಬಿಗೆ ಹಾಕಬೇಕು.
ಹಾಕಿದೆ.
ಸ್ವಲ್ಪ ಹೊತ್ತು ಬಿಟ್ಟು.

ಮಿಸ್ ಪ್ರಿಚರ್ಡ್, ಆ ಅರ್ಜಿ
ನಿಮ್ಮ ಕಪಾಟಿನಲ್ಲಿ ಇನ್ನೂ ಇದ್ದರೆ
ಏಳನೆಯ ಕಲಮಿನಲ್ಲಿ ತುಂಬಿಕೊಳ್ಳಿ:
ಹದ ನೋಡಲು ಬರುತ್ತದೆ.
ಸಂಬಳ ಕೇಳಬೇಡಿ, ಮೊದಲಿನ ಅರ್ಧ;
ಮೆಲೆರಿ ಹಳೇ ಕಾರು ಮಾರಿದಳು.
ಏಳುತ್ತೇನೆ. ನಾಳೆ ನಾಲ್ಕು ಜನ ಇದ್ದಾರೆ,
ಒಂದು ಹೆಸರಂತೂ ಬಲು ಉದ್ದ,
ಒಮ್ಮೆ ಬಾಯಲ್ಲಿ ಹೇಳಿಕೊಂಡು ನೋಡಬೇಕು.