ಹಾಫ್ ಟಿಕೆಟ್ಟಿಗೂ ಮೊದಲು

ವಿಜಾಪುರದಿಂದ ಬಂತು ಮಂಚ,
ಬಸ್ಸಿನ ನೆತ್ತಿ ಮ್ಯಾಲೆ, ಉಳ್ಳಾಗಡ್ಡಿ ಚೀಲದ ನಡುವ,
ನಟ್ಟು ಬೋಲ್ಟು ಒಂದು ಪಾಕೀಟಿನಾಗ.
ಅಂಗಡಿಯಾಗ ಮೂರು ಇದ್ದವಂತ:
ತೂಗೋದು, ಗಾಲಿದು, ಮಗ್ಗಲಿಗೆ ಜೋಡಿಸೋದು.
ಬಣ್ಣ ನೋಡಬ್ಯಾಡ್ರಿ, ಬಿಗಿ ನೋಡ್ರಿ ಅಂದಿದ್ದೆ ಫೋನಿನಾಗ.
ಮಲಕಾರಿ ಅದನ್ನ ಹೆಗಲಿಗೇರಿಸಿ
ಜಮಖಂಡಿಯ ನಮ್ಮವ್ವನ ಮನಿ ಮುಟ್ಟಿದಾಗ
ನಾ ಮೊದಲು ಕೇಳಿದ್ದು:
'ಲಗೇಜ್ ಟಿಕೆಟ್ ತಗಿಸೀರಿಲ್ಲೋ?'
ಹೊಟ್ಟಿ ಹೊಲಿಗಿ ಹಿಡಕೊಂಡು ನಕ್ಕೆ,
ನಕ್ಕಷ್ಟೂ ಕಣ್ಣೀರು.

ಏಳು ವರ್ಷ ಕಂಡಕ್ಟರು ನಾನು.
ಸಂದಿ ಅಂದರ ಏನಂತ ಗೊತ್ತೈತಿ.
ಮೆಟ್ಟಲಕ್ಕೂ ಕಟ್ಟಿಗೂ ನಡುವಿನ ಗೇಣು ಜಾಗದಾಗ
ಚಪ್ಪಲಿ ಬಿದ್ದದ್ದು ನೋಡೇನಿ, ಬುತ್ತಿಗಂಟು ಬಿದ್ದದ್ದು ನೋಡೇನಿ,
ಒಮ್ಮೆ ಸಾವಳಗಿಯೊಳಗ ಒಂದು ಕಾಲು.
ಸೀಟಿ ಊದಿದ್ದೆ, ಉಳೀತು.
ಅದಕ್ಕ ಮಂಚ ಜೋಡಿಸುವಾಗ ಗಂಡನ್ನ ನಂಬಲಿಲ್ಲ,
ಎದ್ದು ಬಂದು
ದೊಡ್ಡ ಗಾದಿಗೂ ಸಣ್ಣ ಗಾದಿಗೂ ನಡುವ ಬೆರಳಾಡಿಸಿದೆ.
ಎರಡು ಬೆರಳು ಹೋದವು.

'ಎರಡ ಬೆರಳ ಅಲ್ಲೇನು,' ಅಂದ ಡಿಪೋದ ಮೆಕ್ಯಾನಿಕ್ಕು.
'ಆಕೀ ಮೂಗು ಎಷ್ಟೈತಿ ನೋಡ್ರಿ,' ಅಂದೆ.

ಸಂಜೀತನಕ ಪಾನಾ ಹಿಡಕೊಂಡು ಕುಂತ.
ಕಾಲು ಎರಡು ತೂತು ಇಳಿಸಿ
ಎರಡೂ ಗಾದಿ ಒಂದೇ ಮಟ್ಟ ಮಾಡಿದ,
ಪಟ್ಟಾ ನಮ್ಮ ಗಾದಿ ಕೆಳಗ ಹಾಯಿಸಿ
ಆ ಕಡೆ ಚೌಕಟ್ಟಿಗೆ ಬಿಗಿದ,
ಮೊಣಕಾಲಿನಿಂದ ಒಮ್ಮೆ, ಹೆಗಲಿನಿಂದ ಒಮ್ಮೆ ನೂಕಿ ನೋಡಿದ.
ಮಿಸುಕಲಿಲ್ಲ.
ಐದು ರೂಪಾಯಿ ನಾಣ್ಯ ತುರುಕಿ ನೋಡಿದೆ,
ನಾಣ್ಯ ಮ್ಯಾಲೇ ಉಳೀತು.
'ರೈಟ್,' ಅಂದೆ.

ಅವ್ವ ಬಾಗಿಲಾಗ ನಿಂತಿದ್ದಳು ಕೌದಿ ಹಿಡಕೊಂಡು.
ಆಕೀ ಮದವಿ ಸೀರಿ, ಅಪ್ಪನ ಧೋತರ,
ನನ್ನ ಮೊದಲ ಯೂನಿಫಾರ್ಮಿನ ಖಾಕಿ,
ಐದು ತಿಂಗಳು ಕುಂತು ಹೊಲದದ್ದು.
ಜೋಡಿಗೆ ಸಾಸಿವಿ ದಿಂಬು, ತಲಿ ದುಂಡಗಾಗಲಿ ಅಂತ.
ಜುಬೇದಾ ಸಿಸ್ಟರ್ ಹೇಳಿದ್ದು ನನಗ ಬಾಯಿಪಾಠ:
ಅಂಗಾತ ಮಲಗಿಸು. ಬಿರುಸು ಗಾದಿ, ಬಿಗಿ ಹಾಸು,
ಮತ್ತೇನೂ ಬ್ಯಾಡ. ದಿಂಬಿಲ್ಲ, ಗೊಂಬಿ ಇಲ್ಲ, ಕೌದಿ ಇಲ್ಲ.
ಹೇಳಲಿಕ್ಕ ನಾಲಿಗಿ ಏಳಲಿಲ್ಲ.
ತುಂಬಿದ ಬಸ್ಸಿನಾಗ ಎಂಥೆಂಥವರನ್ನ ಇಳಿಸೇನಿ,
ಒಂದು ಕೌದೀನ ಇಳಿಸಲಿಕ್ಕ ಬರಲಿಲ್ಲ.

ಅವ್ವನೇ ಒಳಗ ಬಂದಳು.
'ಇದೇನವಾ, ಬರೇ ನೆಲ ಇದ್ದಂಗೈತಿ.'
ಬಾಳ ಹೊತ್ತು ಸುಮ್ಮನಿದ್ದು
'ನಿನಗಿಂತ ಮೊದಲೊಂದು ಇತ್ತು,' ಅಂದಳು.
'ನನ್ನ ಮಗ್ಗಲಾಗ ಮಲಗಿತ್ತು. ಥಂಡಿ ಅಂತ ಹೊಚ್ಚಿದ್ದೆ.'
ಅಷ್ಟೇ.
ಮೂವತ್ತೆರಡು ವರ್ಷ ಆ ಸುದ್ದಿ
ನಮ್ಮ ಮನಿಯಾಗ ಯಾವ ಸ್ಟಾಪಿಗೂ ನಿಂತಿರಲಿಲ್ಲ.
ಕೌದಿ ಬಿಚ್ಚಿ ನನ್ನ ಕಾಲಿಗೆ ಹೊಚ್ಚಿದಳು.
ಸಾಸಿವಿ ದಿಂಬು ಅಡಗಿ ಮನಿಗೆ ಹೋತು,
ಮರುದಿನ ಒಗ್ಗರಣ್ಯಾಗ ಚಟಪಟ ಅಂತು.

ಈಗ ರಾತ್ರಿ ಮೂರು.
ದೂರದ ಗಾಡಿಯೊಂದು ಹಾರ್ನ್ ಹೊಡದು ಹೋತು.
ಹಾಲು ಕುಡಿಸಿ, ತೇಗಿಸಿ,
ಜಾಲರಿ ಇಳಿಸಿದ ಕಡೆಯಿಂದ ನಿನ್ನ ಜಾಗಕ್ಕ ಸರಿಸತೀನಿ.
ಕೈ ನಿನ್ನ ಕಡೆ, ನಿದ್ದಿ ನನ್ನ ಕಡೆ.
ಕಪ್ಪು ಕೂದಲು, ಮುಷ್ಟಿ, ಉಸಿರು,
ಬಿಳೇ ಹಾಸಿನ ಮ್ಯಾಲೆ ನೀ ಒಬ್ಬಾಕೀನ,
ಮೊದಲ ಟ್ರಿಪ್ಪಿನ ಖಾಲಿ ಬಸ್ಸಿನಾಗ ಕುಂತಂಗ.

ನಮ್ಮ ಬಸ್ಸಿನ ಬಾಗಿಲ ಹತ್ತಿರ ಒಂದು ಗೆರಿ ಐತಿ.
ತಲಿ ಅದಕ್ಕ ಮುಟ್ಟಿದರ ಹಾಫ್ ಟಿಕೆಟ್.
ಎಷ್ಟು ಅವ್ವಂದಿರು ನನ್ನ ಕಣ್ಣ ಮುಂದನ
ಮಕ್ಕಳ ಹೆಗಲ ಒತ್ತಿ ಗಿಡ್ಡ ಮಾಡ್ಯಾರ,
ಎಷ್ಟು ಬೈದೇನಿ.

ನೀ ಕೈ ಊರಿ ಏಳೂ ದಿನ ಈ ಮಂಚ ಬಿಚ್ಚಬೇಕಂತ
ಜೋಡಿ ಬಂದ ಚೀಟಿಯಾಗ ಬರದೈತಿ.
ಐದು ತಿಂಗಳೋ, ಆರೋ.
ಅವತ್ತು ನಿನ್ನ ಹೆಗಲ ಮ್ಯಾಲೆ ಬೆರಳಿಟ್ಟು
ನಾನೂ ಒಂಚೂರು ಒತ್ತತೀನಿ,
ಬೈಬ್ಯಾಡ.