ಲಾಭ, ಎರಡು, ಮೂರು

ಕಲಬುರಗಿ ಗಂಜಿನಲ್ಲಿ ಅಳೆಯುವಾಗ
ಒಂದು ಅನ್ನುವುದಿಲ್ಲ ಯಾರೂ.
ಲಾಭ, ಎರಡು, ಮೂರು.
ಅಪ್ಪ ನನಗೆ ಹಾಗೆಯೇ ಎಣಿಕೆ ಕಲಿಸಿದ;
ಶಾಲೆಯ ಮೊದಲ ದಿನವೇ ಏಟು ತಿಂದೆ.

ಈಗ ಸೇಡಂ ರಸ್ತೆಯ ಕಾಲೇಜು, ಕತ್ತಲ ಕೋಣೆ.
ರಾತ್ರಿ ಕಂಬದ ದೀಪಕ್ಕೆ ಬಂದ ಕಾಯಿಕೊರಕದ ಪತಂಗ,
ಯಾರದೋ ಹೊಲದ ತೊಗರಿ ತಿಂದು ಬೆಳೆದದ್ದು,
ಗಾಜಿನ ಮೇಲೆ ಮೇಣಕ್ಕೆ ಅಂಟಿ ಕೂತಿದೆ.
ಅದರ ಬೆನ್ನಿನ ಪುಡಿಯನ್ನು ಕುಂಚದಿಂದ ಸವರಿ ತೆಗೆದವಳು ನಾನೇ.
ಹಿಂದೆ ದೀಪ. ಮುಂದೆ
ಹಿತ್ತಾಳೆಯ ಪುಟ್ಟ ರೋಹಿತದರ್ಶಕ.

"ಏನ್ ಕಾಣ್ತದ?" ಫರ್ಹತ್ ಮೇಡಂ ಕೇಳಿದರು.
ಬಣ್ಣ ಅಷ್ಟೇ ರೀ. ಮತ್ತೇನಿಲ್ಲ.
"ತಡಿ. ಅದು ಒದ್ದಾಡ್ಲಿ."

ಒದ್ದಾಡಿತು.
ಹಸಿರಿನಲ್ಲೊಂದು ಕರಿಗೆರೆ, ಅದಕ್ಕೆ ತಾಗಿ ಇನ್ನೊಂದು,
ಕಿತ್ತಳೆಯಲ್ಲಿ ಮತ್ತೊಂದು.
ಸುಮ್ಮನಾದದ್ದೇ ಅಳಿಸಿಹೋದವು.

ಸೈಟೊಕ್ರೋಮ್, ಅಂದರು. ಬೋರ್ಡಿನ ಮೇಲೆ
ನಾಲ್ಕು ಸಾರಜನಕ ಹಿಡಿದ ಬಳೆ,
ನಡುವೆ ಒಂದು ಕಬ್ಬಿಣ.
ಎಲೆಕ್ಟ್ರಾನು ಕೈಯಲ್ಲಿದ್ದರೆ ಅದರ ಲೆಕ್ಕ ಎರಡು,
ದಾಟಿಸಿದರೆ ಮೂರು.
ಒಂದು ಅನ್ನುವುದಿಲ್ಲ ಅದೂ.
ನಾನು ನಕ್ಕದ್ದು ಮೇಡಂಗೆ ಅರ್ಥವಾಗಲಿಲ್ಲ.

ಈ ಸಾಲನ್ನು ಕಂಡಿದ್ದೇನೆ.
ದಾಲ್‌ಮಿಲ್ಲಿನ ಹಿಂಬಾಗಿಲು, ಲಾರಿ, ಏಳು ಹಮಾಲರು,
ಅಪ್ಪ ಕೊನೆಯಿಂದ ಎರಡನೆಯವನು.
ಬೇಳೆಚೀಲ ಕೈಯಿಂದ ಕೈಗೆ,
ಆ ಏಳರಲ್ಲಿ ಯಾರ ಮನೆಗೂ ಅಲ್ಲ.
"ಹಿಡ್ಕೊಂಡು ನಿಂತ್ರ ಸೊಂಟ ಮುರೀತದ, ಮಗಾ.
ಬಂದದ್ದು ಕೊಟ್ಟುಬಿಡಬೇಕು."
ಲಾರಿಯೊಳಗಿನ ಕೊನೆಯ ಕೈ ಮಶಾಕ ಕಾಕಾನದು.
ಅವನು ಒಂದು ಬೀಡಿಗೆಂದು ಇಳಿದರೆ ಸಾಕು,
ಉಳಿದ ಆರೂ ಜನ ಚೀಲ ಎದೆಗೊತ್ತಿಕೊಂಡು ನಿಲ್ಲುವರು:
ಬಿಸಿಲ ಗೋಡೆಗೆ ಆರು ಕರಿಗೆರೆ.

ಗಾಜಿನ ಗೂಡಿನಿಂದ ಮೇಡಂ ಗಾಳಿ ಕಳೆದರು,
ಬರೀ ಸಾರಜನಕ ತುಂಬಿದರು.
ಗೆರೆಗಳು ಬಂದವು. ಹೋಗಲಿಲ್ಲ.
"ತಗೊಂಡು ನೀರು ಮಾಡೋದು ಆಮ್ಲಜನಕ.
ಅದೇ ಇಲ್ಲಂದ್ರ ಎಲ್ರ ಕೈನೂ ತುಂಬಿರ್ತದ."

ಹೋದ ಚಳಿಗಾಲ ದವಾಖಾನೆಯಲ್ಲಿ
ಅಪ್ಪನ ಬೆರಳಿಗೊಂದು ಚಿಮಟ, ಅದರೊಳಗೆ ಕೆಂಪು ದೀಪ.
ಎಂಬತ್ನಾಲ್ಕು. ಎಂಬತ್ತೊಂದು.
ಮೂವತ್ತು ವರ್ಷದ ಹೊಟ್ಟಿನ ಧೂಳು, ಅಂದರು.
ಆ ಬೆರಳು ಆಗಲೂ ಮಡಚಿಯೇ ಇತ್ತು,
ಚೀಲದ ಕಿವಿ ಹಿಡಿದವರ ಹಾಗೆ.

"ಈಗ ಗಾಳಿ ಬಿಡು" ಅಂದರು ಮೇಡಂ. "ಸೆಕೆಂಡು ಎಣಿಸು."
ತಿರುಪು ತಿರುಗಿಸಿದೆ.
ಗೆರೆ ತೆಳುವಾಯಿತು, ಹಸಿರು ಹಸಿರಾಯಿತು,
ಮೇಣದ ಮೇಲೆ ಒಂದು ಮೀಸೆ ಅಲುಗಿತು.
ರೆಕಾರ್ಡ್ ಪುಸ್ತಕದಲ್ಲಿ ಮೊದಲು ಲಾಭ ಎಂದೇ ಬರೆದು,
ಹೊಡೆದುಹಾಕಿ,
ಮೂರು ಅಂತ ಬರೆದೆ.