ಜಾಡಿ ೨೧೭

ಸೋಮವಾರ ಸೋಮವಾರ ಜಾಡಿಗಳಿಗೆ ಸ್ಪಿರಿಟ್ ಹುಯ್ಯುವುದು ನನ್ನ ಕೆಲಸ.
ಮುಚ್ಚಳ ಎಷ್ಟೇ ಬಿಗಿಯಿರಲಿ, ಹಾರಿಹೋಗುತ್ತದೆ
ಉಗುರಷ್ಟು, ಬೆರಳಷ್ಟು,
ಫೋರ್ಟಿನ ಈ ಹಳೇ ಕಟ್ಟಡದಲ್ಲಿ ಯಾರೂ ನೋಡದಾಗ.
ಹಿಂದಿದ್ದ ಸಾಟಮ್ ಮಾಮಾ ಕುಡಿದನೆಂದೇ ಅಬಕಾರಿಯವರ ಗುಮಾನಿ.
ಅದಕ್ಕೇ ರಿಜಿಸ್ಟರು. ಅದಕ್ಕೇ ನನ್ನ ಸಹಿ: ರ. ಮೆಂಡನ್.

ಇನ್ನೂರ ಹದಿನೇಳರಲ್ಲಿ ಮರಳುಗಾಡಿನ ಓತಿ.
ಮುಳ್ಳುಬಾಲ, ಮುದುಕನ ಕುತ್ತಿಗೆ, ಗಾಜಿಗೊತ್ತಿದ ಅಂಗೈ,
ಏನೋ ಕೇಳಲು ಬಂದು ಮರೆತು ನಿಂತವರ ಹಾಗೆ.
ಹಿಂಗಾಲಿಗೆ ದಾರ, ದಾರಕ್ಕೆ ಚೀಟಿ:
ಜೈಸಲ್ಮೇರ್ ಹತ್ತಿರ, ಬಿಲದಿಂದ ಅಗೆದದ್ದು, ಸೆಪ್ಟೆಂಬರ್ ೧೯೩೧.
ಹೆಣ್ಣು?
ಆ ಪ್ರಶ್ನೆಚಿಹ್ನೆಯ ಶಾಯಿ ಮಾತ್ರ ಇನ್ನೂ ಕಪ್ಪಗಿದೆ.

ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎನ್ನುತ್ತಿದ್ದಳು ಅಜ್ಜಿ,
ಇಬ್ಬರು ಕಳ್ಳರನ್ನು ಒಟ್ಟಿಗೆ ಬೈಯುವಾಗ.
ಇದಕ್ಕೆ ಬೇಲಿಯಿಲ್ಲ, ಗೂಟವಿಲ್ಲ.
ಸಾಕ್ಷಿ ಬೇಕಾದರೆ ನಾನೇ.

ಅಪ್ಪ ಸಸೂನ್ ಡಾಕಿನಲ್ಲಿ ಬಂಗಡೆಗೆ ಉಪ್ಪು ತುಂಬುತ್ತಿದ್ದ.
ನೀರಿನದನ್ನು ಒಣಗಿಸಿ ಉಳಿಸಿದೆವು,
ಒಣನೆಲದ್ದನ್ನು ನೆನೆಸಿ ಉಳಿಸುತ್ತಿದ್ದೇವೆ.
ಊಟಕ್ಕೆ ಕೂತಾಗ ಇದನ್ನು ಹೇಳಿದೆ.
"ಕೈ ತೊಳೆದಿರಾ?" ಅಂದಳು ಹೆಂಡತಿ.

ಹಿಂದೆ ವಿಟಿ ಸ್ಟೇಷನ್ನಿನ ಸಬ್‌ವೇ ಬಾಯಲ್ಲಿ ಒಬ್ಬ ಕೂರುತ್ತಿದ್ದ.
ಗೋಣಿಯ ಮೇಲೆ ಇಂಥವೇ ಐದಾರು, ಜೀವಂತ,
ಓಡದಂತೆ ಬೆನ್ನು ಮುರಿದವು;
ಪಕ್ಕದಲ್ಲಿ ಸ್ಟೌ, ಬಾಣಲೆ, ಎಣ್ಣೆಯ ಸೀಸೆ.
ಗಂಡಸುತನಕ್ಕೆ, ಮಂಡಿನೋವಿಗೆ ಎಂದು ಕೂಗುತ್ತಿದ್ದ.
ಕೊಳ್ಳುವವರೆಲ್ಲ ಮಂಡಿನೋವಿನವರೇ.
ಮದುವೆಗೆ ಹದಿನೈದು ದಿನವಿತ್ತು, ನಾನೂ ನಿಂತೆ.
ಬಾಣಲೆ ಕಡೆ ನೋಡದೆ
"ಮಂಡಿಗೆ" ಅಂದೆ.

ಜುಲೈ. ಗೋಡೆಗೆಲ್ಲ ಬೂಷ್ಟು.
ಮಳೆ ಕಿಟಕಿಗೆ ಅಪ್ಪಳಿಸಿದಾಗ ಜಾಡಿಯೊಳಗಿನ ಗೆರೆ ನಡುಗುತ್ತದೆ,
ಬೆಸ್ಟ್ ಬಸ್ಸು ಹಾದಾಗಲೂ.

ಮೊನ್ನೆ ಪುಣೆಯಿಂದ ಬಂದ ಹುಡುಗಿ, ಶಾಲ್ಮಲಿ ಪೇಂಡ್ಸೆ,
ಅದನ್ನು ಟ್ರೇಯಲ್ಲಿ ಮಲಗಿಸಿ ಹೊಟ್ಟೆ ಬಿಡಿಸಿದಳು.
ನಾನು ದೀಪ ಹಿಡಿದಿದ್ದೆ.
ಮೊಟ್ಟೆಯಿರಲಿಲ್ಲ. ಹುಲ್ಲಿತ್ತು.
ಅಗಿದ ಹುಲ್ಲಿನ ನಡುವೆ ಒಂದು ಹೂವು,
ಎಳ್ಳಿಗಿಂತ ಚೂರು ದೊಡ್ಡದು, ಎಸಳು ಎಣಿಸುವಷ್ಟು ಇಡಿಯಾಗಿ.
"ಬೆಳಿಗ್ಗೆ ತಿಂದಿದ್ದು" ಅಂದಳು, ಇವತ್ತಿನ ಬೆಳಿಗ್ಗೆಯೇ ಎಂಬಂತೆ.
ಹಾಗಾದರೆ ಅಲ್ಲೂ ಮಳೆ ಬಂದಿತ್ತು.
ಯಾರೋ ಹಾರೆ ಹಿಡಿದು ಬರುವ ಮೊದಲು
ಹೂ ಬಿಟ್ಟಿತ್ತು, ಹಸಿವಾಗಿತ್ತು.

"ಗಂಡು" ಎಂದು ಪೆನ್ಸಿಲಿನಲ್ಲಿ ಹೊಸ ಚೀಟಿ ಬರೆದಳು.
ಹಳೆಯದನ್ನು ಬಿಚ್ಚುವಂತಿಲ್ಲ, ಅದು ಇಲ್ಲಿನ ಕಾನೂನು.
ಎರಡನ್ನೂ ಒಂದೇ ಕಾಲಿಗೆ ಕಟ್ಟಿದೆ. ಗಂಟು ಬಿಗಿಯಾಯಿತೇನೋ.
ಸಡಿಲಿಸಿದೆ.

ಹೂವಿಗೆ ಬೇರೆ ಸೀಸೆ, ೨೧೭-ಅ, ಕಿರುಬೆರಳುದ್ದ.
ಮೂರು ಹನಿ ಸಾಕಾಯಿತು.
ರಿಜಿಸ್ಟರಿನಲ್ಲಿ ಹನಿಗೆ ಕಾಲಮ್ಮಿಲ್ಲ.
ಐದು ಮಿಲಿ ಎಂದು ಬರೆದು ಸಹಿ ಹಾಕಿದೆ.